ನಿಮಗಿದು ಗೊತ್ತೆ? ದುಬೈಯಲ್ಲಿ ಓಡುತ್ತಿತ್ತು ನಮ್ಮ ರೂಪಾಯಿ!

1966ರವರೆಗೂ ದುಬೈ, ಕತಾರ್ ಪೇಟೆಗಳಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ರೂಪಾಯಿಯಲ್ಲೇ. ದಿರ್ಹಮ್ ಇನ್ನೂ ಹುಟ್ಟಿರಲಿಲ್ಲ.

ನಮ್ಮ ನೋಟುಗಳು ಅಲ್ಲಿಗೆ ಹೋಗಿ ಕಳ್ಳಸಾಗಣೆಯ ಚಿನ್ನವಾಗಿ ಮರಳತೊಡಗಿದವು. ವಿದೇಶಿ ವಿನಿಮಯ ಸೋರಿತು. ಅದಕ್ಕಾಗಿ 1959ರಲ್ಲಿ ಕೊಲ್ಲಿ ನಾಡುಗಳಿಗೆಂದೇ ಬೇರೆ ನೋಟು ಬಂತು. ಬೆಲೆ ನಮ್ಮ ರೂಪಾಯಿಯಷ್ಟೇ. ಬಣ್ಣ ಮಾತ್ರ ಬೇರೆ. ಕ್ರಮಸಂಖ್ಯೆಗೆ ‘ಝಡ್’ ಅಕ್ಷರದ ಗುರುತು. ಭಾರತದೊಳಗೆ ಅದು ಚಲಾವಣೆಯಲ್ಲಿರಲಿಲ್ಲ!

1966ರ ಜೂನ್ 6ರಂದು ರೂಪಾಯಿ ಅಪಮೌಲ್ಯವಾಯಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರ್‌ಗೆ 7.50 ರೂಪಾಯಿ. ಕೊಲ್ಲಿ ನೋಟಿನ ಬೆಲೆಯೂ ಜೊತೆಗೇ ಇಳಿಯಿತು. ದುಬೈ, ಕತಾರ್ ಅದೇ ವರ್ಷ ಸ್ವಂತ ನಾಣ್ಯಕ್ಕೆ ತಿರುಗಿದವು. ಒಮಾನ್ ಮಾತ್ರ ಹಳೆಯ ಬೆಲೆಯನ್ನೇ ಕಾಯ್ದುಕೊಂಡು 1970ರವರೆಗೆ ಆ ಕೊಲ್ಲಿ ರೂಪಾಯಿಯನ್ನು ಬಿಡಲಿಲ್ಲ.