ಬಿಯರ್ ಪ್ರವಾಸಕ್ಕೆ ಹೊರಡುವ ಮುನ್ನ

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಫೋರ್ಟ್ ಕಾಲಿನ್ಸ್ ಎಂಬ ವಿಶ್ವವಿದ್ಯಾಲಯದ ಊರಿದೆ. ಮಗನೋ ಮಗಳೋ ಅಲ್ಲಿ ಓದುತ್ತಿದ್ದು, ಘಟಿಕೋತ್ಸವಕ್ಕೆಂದು ನೀವು ಹೋದಿರೆನ್ನಿ. ಊರು ತೋರಿಸುವ ಪಟ್ಟಿಯಲ್ಲಿ ಬೆಟ್ಟ, ಜಲಾಶಯಗಳ ಜೊತೆಗೆ ಬ್ರೂವರಿಗಳೂ, ಅಂದರೆ ಬಿಯರ್ ತಯಾರಿಸಿ ಅಲ್ಲಿಯೇ ಕುಡಿಯಲು ಕೊಡುವ ಸ್ಥಳಗಳೂ ಇರುತ್ತವೆ. 1896ರಿಂದ 1969ರವರೆಗೆ ಪಾನನಿರೋಧವಿದ್ದ ಊರು ಅದು! 1989ರಲ್ಲಿ ಓಡೆಲ್, 1991ರಲ್ಲಿ ನ್ಯೂ ಬೆಲ್ಜಿಯಂ ಬ್ರೂವರಿಗಳು ಅಲ್ಲಿ ಆರಂಭವಾದವು. ಆಮೇಲೆ ಸಣ್ಣ ಬ್ರೂವರಿಗಳು ಹಲವು ಹುಟ್ಟಿಕೊಂಡವು. ಒಂದೇ ದಿನ ಮೂರು ನಾಲ್ಕು ಕಡೆ ಹೋಗಿ ರುಚಿ ನೋಡುವುದು ಅಲ್ಲಿ ಪ್ರವಾಸದ ಒಂದು ಬಗೆ.

"ಬಿಯರ್ ತಾನೇ? ಬಾರ್ಲಿ ನೀರು. ಚಿಕ್ಕ ಲೋಟದಲ್ಲಿ ರುಚಿ ನೋಡಿದರೆ ಏನಾಗುತ್ತದೆ?" ಎನ್ನುವವರು ನಮ್ಮಲ್ಲಿ ಬಹಳ. ಈ ಮಾತನ್ನು ಸ್ವಲ್ಪ ಪರೀಕ್ಷಿಸೋಣ.

ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಮಾಲ್ಟ್ ಮಾಡುವುದು ನಿಮ್ಮ ಅಡಿಗೆಮನೆಗೆ ಹೊಸದಲ್ಲ. ಬಿಯರಿನ ಮೊದಲ ಹೆಜ್ಜೆಯೂ ಅದೇ. ಮೊಳಕೆ ಬರಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆ ಸಿಹಿ ನೀರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲಾಮ್ಲವನ್ನೂ ಬಿಡುತ್ತದೆ. ಅದಕ್ಕೆ ತಿನ್ನಲು ಸಕ್ಕರೆ ಹೆಚ್ಚಿದ್ದಷ್ಟೂ ಮದ್ಯಸಾರವೂ ಹೆಚ್ಚು. ಹೀಗಾಗಿ ಎಲ್ಲ ಬಿಯರೂ ಒಂದೇ ಅಲ್ಲ. ಸಾಮಾನ್ಯ ಬಿಯರಿನಲ್ಲಿ ಶೇಕಡಾ 5ರಷ್ಟಿದ್ದರೆ, ಸಣ್ಣ ಬ್ರೂವರಿಗಳ ಕಹಿ ಬಿಯರುಗಳಲ್ಲಿ ಶೇಕಡಾ 7, ಕಾಫಿಯಂತೆ ಕಪ್ಪಗಿರುವ ಕೆಲವು ಬಗೆಗಳಲ್ಲಿ ಶೇಕಡಾ 10 ಇರುವುದೂ ಉಂಟು. ಬಣ್ಣ ನೋಡಿ ಇದನ್ನು ಊಹಿಸಲಾಗದು. ಫಲಕದ ಮೇಲೆ ಪ್ರತಿ ಹೆಸರಿನ ಮುಂದೆ ಬರೆದಿರುವ ಅಂಕಿಯನ್ನು ಓದಬೇಕು.

ಆ ಅಂಕಿ ಗೊತ್ತಾದರೆ ಲೆಕ್ಕ ಸುಲಭ. ಎಷ್ಟು ಮಿಲಿಲೀಟರ್ ಎಂಬುದನ್ನು ಶೇಕಡಾ ಅಂಕಿಯಿಂದ ಗುಣಿಸಿ, 0.8ರಿಂದ ಮತ್ತೆ ಗುಣಿಸಿ, 100ರಿಂದ ಭಾಗಿಸಿ. ಬಂದದ್ದು ಮದ್ಯಸಾರದ ಗ್ರಾಂ. ಶೇಕಡಾ 5ರ 355 ಮಿ.ಲೀ. ಬಿಯರಿನಲ್ಲಿ 14 ಗ್ರಾಂ. ಅಮೆರಿಕದಲ್ಲಿ ಇದನ್ನೇ 'ಒಂದು ಪಾನೀಯ' ಎಂದು ಎಣಿಸುತ್ತಾರೆ. ನಮ್ಮಲ್ಲಿ 'ಸ್ಟ್ರಾಂಗ್' ಎಂದು ಮಾರುವ ಶೇಕಡಾ 8ರ 650 ಮಿ.ಲೀ. ಬಾಟಲಿಯಲ್ಲಿ ಸುಮಾರು 41 ಗ್ರಾಂ. ಅಂದರೆ ಆ ಒಂದು ಬಾಟಲಿ ಮೂರಕ್ಕೆ ಸಮ.

ಈಗ ರುಚಿ ನೋಡುವ ಲೋಟಕ್ಕೆ ಬನ್ನಿ. ನಾಲ್ಕು ಚಿಕ್ಕ ಲೋಟಗಳನ್ನು ಒಂದು ಹಲಗೆಯ ಮೇಲಿಟ್ಟು ಕೊಡುತ್ತಾರೆ. ಒಂದೊಂದರಲ್ಲಿ 120 ಮಿ.ಲೀ., ಸರಾಸರಿ ಶೇಕಡಾ 7 ಎಂದಿಟ್ಟುಕೊಳ್ಳಿ. ಮೂರು ಬ್ರೂವರಿ, ಹನ್ನೆರಡು ಲೋಟ, ಒಟ್ಟು 80 ಗ್ರಾಂ. ನಮ್ಮ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿದವರ ರಕ್ತದಿಂದ ಅದು ಪೂರ್ತಿ ಹೋಗುವುದು ರಾತ್ರಿ ಎಂಟರಿಂದ ಹನ್ನೊಂದರ ನಡುವೆ. ಕಾಫಿ, ತಣ್ಣೀರ ಸ್ನಾನ, ನಿಂಬೆಹಣ್ಣು ಯಾವುದೂ ಯಕೃತ್ತನ್ನು ಅವಸರಪಡಿಸಲಾರವು. ಊಟ ಮಾಡಿ ಹೊರಟರೆ ಮದ್ಯಸಾರ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಅಷ್ಟೇ. ಅದೇ ತೂಕದ ಗಂಡಸಿಗಿಂತ ಹೆಂಗಸಿನ ದೇಹದಲ್ಲಿ ನೀರಿನ ಅಂಶ ಕಡಿಮೆ. ಅಷ್ಟೇ ಕುಡಿದರೂ ಆಕೆಯ ರಕ್ತದಲ್ಲಿ ಪ್ರಮಾಣ ಹೆಚ್ಚು. ಗರ್ಭಿಣಿಯರು ಒಂದು ಲೋಟವನ್ನೂ ಮುಟ್ಟಬಾರದು.

ನಿಮಗೆ ಸಕ್ಕರೆ ಕಾಯಿಲೆ ಇದ್ದರೆ ಈ ಭಾಗವನ್ನು ಎರಡು ಸಲ ಓದಿ. ಹೊಟ್ಟೆ ಖಾಲಿ ಇದ್ದಾಗ ರಕ್ತಕ್ಕೆ ಗ್ಲೂಕೋಸ್ ಒದಗಿಸುವುದು ಯಕೃತ್ತಿನ ಕೆಲಸ. ಮದ್ಯಸಾರ ಬಂದಾಗ ಅದು ಹೊಸ ಗ್ಲೂಕೋಸ್ ತಯಾರಿಸುವುದಕ್ಕೆ ತಡೆ ಬೀಳುತ್ತದೆ. ಜೊತೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ತೆಗೆದುಕೊಂಡಿದ್ದರೆ ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೂಡಲೇ ಅಲ್ಲ, ಎಷ್ಟೋ ಗಂಟೆಗಳ ನಂತರ, ನಿದ್ದೆಯಲ್ಲಿಯೂ ಆಗಬಹುದು. ಬೆವರು, ನಡುಕ, ತೊದಲು ಮಾತು, ಗಲಿಬಿಲಿ ಇದರ ಲಕ್ಷಣಗಳು. ನೋಡುವವರು "ಅಮಲೇರಿದೆ, ಮಲಗಲಿ ಬಿಡಿ" ಎಂದುಕೊಂಡರೆ ಪ್ರಾಣಕ್ಕೇ ಸಂಚಕಾರ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಅಥವಾ ಹಣ್ಣಿನ ರಸ ಕುಡಿಸಿ. ನಿದ್ದೆ ಮಾತ್ರೆ, ನೆಗಡಿಯ ಕೆಲವು ಮಾತ್ರೆಗಳು, ಭೇದಿಗೆಂದು ಊರಿನಿಂದ ಒಯ್ದ ಮೆಟ್ರೊನಿಡಜೋಲ್ ಇವುಗಳ ಜೊತೆಗೂ ಬಿಯರ್ ಸಲ್ಲದು. ಗೌಟ್ ಎಂಬ ಕೀಲುಬೇನೆ ಇರುವವರಿಗಂತೂ ಬಿಯರ್ ಹಳೆಯ ಶತ್ರು.

ಇನ್ನು ಕಾರು. ಕೊಲೊರಾಡೊದಲ್ಲಿ 100 ಮಿ.ಲೀ. ರಕ್ತಕ್ಕೆ 80 ಮಿಲಿಗ್ರಾಂ ಮದ್ಯಸಾರವಿದ್ದರೆ ದೊಡ್ಡ ಅಪರಾಧ; 50 ಮೀರಿದರೂ ಮೊಕದ್ದಮೆ ಹೂಡಬಹುದು. ಭಾರತದಲ್ಲಿ ಮಿತಿ 30 ಮಿಲಿಗ್ರಾಂ. ಫೋರ್ಟ್ ಕಾಲಿನ್ಸ್ ಸೈಕಲ್ಲಿನ ಊರು, ಸೈಕಲ್ ಮೇಲೆ ಬ್ರೂವರಿ ಸುತ್ತುವವರೂ ಇದ್ದಾರೆ. ಅಲ್ಲಿ ಈ ಕಾನೂನು ಸೈಕಲ್ಲಿಗೂ ಅನ್ವಯ. ವೀಸಾದ ಮೇಲೆ ಓದುತ್ತಿರುವ ಹುಡುಗ ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ ವೀಸಾ ರದ್ದಾಗುವ ಸಂಭವವೂ ಉಂಟು. 21 ತುಂಬದವರಿಗೆ ಅಲ್ಲಿ ಮದ್ಯ ಕೊಡುವಂತಿಲ್ಲ.

"ಮಿತವಾಗಿ ಕುಡಿದರೆ ಹೃದಯಕ್ಕೆ ಒಳ್ಳೆಯದಂತೆ" ಎಂಬ ಮಾತನ್ನು ನೀವೂ ಕೇಳಿರಬಹುದು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಮದ್ಯದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ಸ್ಪಷ್ಟವಾಗಿ ಹೇಳಿತು. ಅನ್ನನಾಳ, ಯಕೃತ್ತು, ದೊಡ್ಡ ಕರುಳು, ಸ್ತನ ಇವುಗಳ ಕ್ಯಾನ್ಸರಿಗೆ ಮದ್ಯ ಒಂದು ಕಾರಣ. ಆದ್ದರಿಂದ ಕುಡಿಯದವರು ಅಲ್ಲಿಗೆ ಹೋದೆವೆಂದು ಶುರು ಮಾಡಬೇಕಿಲ್ಲ. ತಾಮ್ರದ, ಉಕ್ಕಿನ ದೊಡ್ಡ ಹಂಡೆಗಳನ್ನು ನೋಡಿ, ಹುರಿಹಿಟ್ಟಿನಂಥ ವಾಸನೆ ಸವಿದು, ಮದ್ಯವಿಲ್ಲದ ಪಾನೀಯ ಕೇಳಿ ಪಡೆಯಬಹುದು. ಯಾರೂ ತಪ್ಪು ತಿಳಿಯುವುದಿಲ್ಲ. ಕುಡಿಯುವವರು ಒಂದೇ ಹಲಗೆಯನ್ನು ಇಬ್ಬರು ಮೂವರು ಹಂಚಿಕೊಳ್ಳಲಿ, ನಡುನಡುವೆ ನೀರು ಕುಡಿಯಲಿ. ಊರು ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲಿದ್ದು, ಗಾಳಿ ಒಣ; ಬಾಯಾರಿಕೆ ಬೇಗ.

ಮಕ್ಕಳಿಗೆ ಒಂದು ವಿಷಯ ಹೇಳಿಟ್ಟಿರಿ. ಜೊತೆಯವನು ಕುಡಿದು ಬಿದ್ದು ಕರೆದರೂ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ, ಮೈ ತಣ್ಣಗಾಗಿದ್ದರೆ ತಕ್ಷಣ 911ಕ್ಕೆ ಕರೆ ಮಾಡಬೇಕು. ಪೊಲೀಸರ ಭಯದಿಂದ ಹುಡುಗರು ಹಿಂಜರಿಯುತ್ತಾರೆ. ಆದರೆ 21 ತುಂಬದವನು ನೆರವಿಗೆ ಕರೆ ಮಾಡಿ, ತನ್ನ ಹೆಸರು ಹೇಳಿ ಅಲ್ಲಿಯೇ ನಿಂತರೆ ಅವನಿಗೆ ಕೊಲೊರಾಡೊ ಕಾನೂನಿನ ರಕ್ಷಣೆ ಇದೆ. ನೆರವು ಬರುವವರೆಗೆ ಬಿದ್ದವನನ್ನು ಅಂಗಾತ ಬಿಡದೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ವಾಂತಿಯಾದರೆ ಶ್ವಾಸನಾಳಕ್ಕೆ ಹೋಗುವುದು ತಪ್ಪುತ್ತದೆ. ಮಜ್ಜಿಗೆ ಕುಡಿಸುವುದು, ಬೆರಳು ಹಾಕಿ ವಾಂತಿ ಮಾಡಿಸುವುದು ಬೇಡವೇ ಬೇಡ.