ಸೀಸೆಯೊಳಗೆ ಸೆಂಟು ಎಷ್ಟು?

ಒಂದೇ ಹೆಸರಿನ, ಒಂದೇ ಅಳತೆಯ ಎರಡು ಸೆಂಟಿನ ಸೀಸೆಗಳು. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹೀಗೇಕೆ? ಉತ್ತರ ಚೀಟಿಯ ಮೇಲಿನ ಸಣ್ಣ ಅಕ್ಷರಗಳಲ್ಲಿದೆ.

ಸೆಂಟು ಎಂದರೆ ಆಲ್ಕೊಹಾಲಿನಲ್ಲಿ ಕರಗಿಸಿದ ಪರಿಮಳ ತೈಲ. ತೈಲ ಶೇಕಡಾ 20ರಿಂದ 30ರಷ್ಟಿದ್ದರೆ ಅದು 'ಪರ್ಫ್ಯೂಮ್'. 15ರಿಂದ 20 ಇದ್ದರೆ 'ಓ ದ ಪರ್ಫ್ಯೂಮ್', 5ರಿಂದ 15 ಇದ್ದರೆ 'ಓ ದ ಟಾಯ್ಲೆಟ್', 2ರಿಂದ 4 ಮಾತ್ರವಿದ್ದರೆ 'ಕಲೋನ್'. ಈ ಗಡಿಗಳೇನೂ ಕಟ್ಟುನಿಟ್ಟಲ್ಲ. ತಯಾರಕರಿಗೆ ತಕ್ಕಂತೆ ಹಿಗ್ಗುತ್ತವೆ, ಕುಗ್ಗುತ್ತವೆ. 'ಓ' ಎಂದರೆ ಫ್ರೆಂಚಿನಲ್ಲಿ ನೀರು. ಆದರೆ ಸೀಸೆಯಲ್ಲಿ ನೀರಿಗಿಂತ ಆಲ್ಕೊಹಾಲೇ ಹೆಚ್ಚು!

ಮೈಗೆ ಹಚ್ಚಿದೊಡನೆ ಆಲ್ಕೊಹಾಲು ಆವಿಯಾಗುತ್ತದೆ. ನಿಂಬೆ, ಕಿತ್ತಳೆಗಳ ಹಗುರ ಅಣುಗಳು ಮೊದಲು ಹಾರಿಹೋಗುತ್ತವೆ. ಆಮೇಲೆ ಗುಲಾಬಿ, ಮಲ್ಲಿಗೆಗಳ ಸರದಿ. ಶ್ರೀಗಂಧದ ಎಣ್ಣೆಯಲ್ಲಿರುವ ಸ್ಯಾಂಟಲಾಲ್ ನಿಧಾನವಾಗಿ ಆವಿಯಾಗುವಂಥದ್ದು, ಗಂಟೆಗಟ್ಟಲೆ ಉಳಿಯುತ್ತದೆ. ಆದ್ದರಿಂದ ಅಂಗಡಿಯಲ್ಲಿ ಒಮ್ಮೆ ಮೂಸಿ ಹಣ ತೆರುವುದು ಜಾಣತನವಲ್ಲ. ಮುಂಗೈಗೆ ಹಚ್ಚಿ ಅರ್ಧ ಗಂಟೆ ಕಾಯಬೇಕು.

ಅತ್ತರಿನ ದಾರಿ ಬೇರೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಕುದಿಸುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ಹೋಗಿ, ಗಂಧದೆಣ್ಣೆ ತುಂಬಿದ ಪಾತ್ರೆಯಲ್ಲಿ ತಣಿಯುತ್ತದೆ. ಇದು ಸಾಂಪ್ರದಾಯಿಕ ವಿಧಾನ. ಆಲ್ಕೊಹಾಲಿನ ಸೋಂಕೇ ಇಲ್ಲ. ಸುಟ್ಟ ಮಣ್ಣಿನಿಂದಲೂ ಅಲ್ಲಿ ಅತ್ತರು ತೆಗೆಯುತ್ತಾರೆ. ಅದರ ವಾಸನೆ ಥೇಟ್ ಮೊದಲ ಮಳೆಯದೇ.

ಮಕ್ಕಳ ಕೈಗೆ ಸೀಸೆ ಕೊಡುವ ಮುನ್ನ ತಂದೆತಾಯಿಯರು ಎರಡು ಸಂಗತಿ ತಿಳಿಸಬೇಕು. ಆಲ್ಕೊಹಾಲಿನ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ದೀಪ, ಒಲೆಗಳ ಬಳಿ ಸಿಂಪಡಿಸಕೂಡದು. ಇನ್ನೊಂದು, ಗಾಢವಾದ ಸೆಂಟು ಆಸ್ತಮಾ ಇರುವವರಿಗೆ ಉಬ್ಬಸ ತರಿಸಬಹುದು. ಪರೀಕ್ಷೆಯ ಕೊಠಡಿಯಲ್ಲಿ ಪಕ್ಕದ ಬೆಂಚಿನ ಹುಡುಗ ಎದ್ದು ಬೇರೆಡೆ ಹೋಗುವಂತಿಲ್ಲ.