ಬಾಸ್ ಮಿಶ್ರತಳಿ ಮೀನು: ಅದರ ಗುರುತು ಮತ್ತು ಹಿಡಿಯುವ ಕ್ರಮ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಜಲಾಶಯಗಳಲ್ಲಿಯೂ ಜಮೀನುದಾರರ ಕೊಳಗಳಲ್ಲಿಯೂ ಬಿಡಲ್ಪಡುವ ಮೀನುಗಳಲ್ಲಿ ಬಾಸ್ ಮಿಶ್ರತಳಿಯು ಹೆಸರಾದುದು. ಸಮುದ್ರದಿಂದ ನದಿಗೇರಿ ತತ್ತಿಯಿಡುವ ಸ್ಟ್ರೈಪ್ಡ್ ಬಾಸ್ ಎಂಬ ಮೀನಿನ ತತ್ತಿಗಳಿಗೆ ಸಿಹಿನೀರಿನ ವೈಟ್ ಬಾಸ್ ಗಂಡಿನ ವೀರ್ಯವನ್ನು ಸೇರಿಸಿ, 1965ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಇದನ್ನು ಮೊದಲು ಪಡೆದರು. ಇದು ಮೊದಲೆರಡು ವರ್ಷಗಳಲ್ಲಿ ಶೀಘ್ರವಾಗಿ ಬೆಳೆಯುವುದು. ಅರ್ಕನ್ಸಾದ ಗ್ರೀರ್ಸ್ ಫೆರಿ ಸರೋವರದಲ್ಲಿ 1997ರಲ್ಲಿ ಗಾಳಕ್ಕೆ ಸಿಕ್ಕಿದ ಒಂದು ಮೀನು 27 ಪೌಂಡು 5 ಔನ್ಸು ತೂಗಿತು.

ಗುರುತು.— ಸ್ಟ್ರೈಪ್ಡ್ ಬಾಸಿನ ಮೈ ನೀಳವಾದುದು. ಅದರ ಪಕ್ಕದ ಕಪ್ಪು ಗೆರೆಗಳು ಬಾಲದವರೆಗೆ ತುಂಡಾಗದೆ ಸಾಗುವುವು. ವೈಟ್ ಬಾಸ್ ಚಿಕ್ಕದು. ಅದರ ಬೆನ್ನು ಉಬ್ಬಿದ್ದು, ಗೆರೆಗಳು ಮಸುಕಾಗಿರುವುವು. ಮಿಶ್ರತಳಿಯ ಮೈ ಇವೆರಡರ ನಡುವಣ ಅಗಲವುಳ್ಳದ್ದು. ಗೆರೆಗಳು ಸ್ಪಷ್ಟವಾಗಿದ್ದರೂ ನಡುನಡುವೆ ಕಡಿದಿರುವುವು. ಗೆರೆಗಳನ್ನಷ್ಟೇ ನಂಬಲಾಗದು. ಬಾಯಿ ತೆರೆದು ನಾಲಿಗೆಯ ಹಿಂಭಾಗವನ್ನು ನೋಡತಕ್ಕದ್ದು. ಅಲ್ಲಿ ವೈಟ್ ಬಾಸಿಗೆ ಸಣ್ಣ ಹಲ್ಲುಗಳ ಒಂದೇ ಗುಂಪಿರುವುದು. ಉಳಿದೆರಡಕ್ಕೂ ಎರಡು ಗುಂಪುಗಳಿರುವುವು. ಹಿಡಿಯಬಹುದಾದ ಸಂಖ್ಯೆ, ಅಳತೆಗಳ ನಿಯಮವು ಅಲ್ಲಿ ಅನೇಕ ಕಡೆ ಜಾತಿಗೊಂದರಂತಿರುವುದರಿಂದ, ಗುರುತು ತಪ್ಪಿದವನು ದಂಡಕ್ಕೆ ಗುರಿಯಾಗುವನು.

ಹಿಡಿಯುವ ಕ್ರಮ.— ಈ ಮೀನುಗಳು ಶ್ಯಾಡ್ ಎಂಬ ಸಣ್ಣ ಮೀನಿನ ಹಿಂಡನ್ನು ಗುಂಪಾಗಿ ಬೆನ್ನಟ್ಟುವುವು. ಬೆಳಗು ಬೈಗುಗಳಲ್ಲಿ ಆ ಹಿಂಡು ಮೇಲೇಳುವಾಗ ನೀರು ಕುದಿಯುವಂತೆ ಕಾಣುವುದು, ಹಕ್ಕಿಗಳು ಎರಗುವುವು. ಗಾಳವನ್ನು ಅಲ್ಲಿಯೇ ಎಸೆಯಬೇಕು. ವಸಂತದಲ್ಲಿ ಅಣೆಕಟ್ಟುಗಳ ಕೆಳಗಿನ ಹರಿನೀರಿನಲ್ಲಿಯೂ ಇವು ನೆರೆಯುವುವು. ಜೀವಂತ ಶ್ಯಾಡ್ ಅಥವಾ ಅದರಂತೆ ಹೊಳೆಯುವ ಲೋಹದ ಎರೆ ಉತ್ತಮ. ಮೀನು ಬಲವಾಗಿ ಎಳೆಯುವುದರಿಂದ ದಾರವು ಗಟ್ಟಿಯಾಗಿರಬೇಕು. ಬೇಸಿಗೆಯಲ್ಲಿ ನೀರು ಕಾದಿರುವಾಗ, ದಣಿದ ಮೀನನ್ನು ಮರಳಿ ಬಿಟ್ಟರೂ ಸಾಯುವ ಸಂಭವ ಹೆಚ್ಚು. ಬೇಕಾದಷ್ಟನ್ನೇ ಹಿಡಿದು ನಿಲ್ಲಿಸುವುದು ಲೇಸು.

ಎಚ್ಚರಿಕೆ.— ಮಿಶ್ರತಳಿಯೆಂದರೆ ಗೊಡ್ಡು ಎಂದು ತಿಳಿಯುವುದು ತಪ್ಪು. ನಿಂತ ಕೊಳದಲ್ಲಿ ಇದರ ಸಂತಾನವು ಸಾಮಾನ್ಯವಾಗಿ ಹೆಚ್ಚದು. ಮರಿಗಳನ್ನು ಮತ್ತೆ ಮತ್ತೆ ತಂದು ಬಿಡಬೇಕಾಗುವುದು. ಆದರೆ ಕೋಡಿಯ ನೀರಿನೊಡನೆ ನದಿಯನ್ನು ಸೇರಿದರೆ, ಮೂಲ ಜಾತಿಗಳೊಡನೆ ಬೆರೆತು ಅವುಗಳ ತಳಿಯನ್ನು ಕೆಡಿಸಬಲ್ಲದು. ಒಮ್ಮೆ ಕಲೆತ ತಳಿಯನ್ನು ಬೇರ್ಪಡಿಸುವ ಉಪಾಯವಿಲ್ಲ.

ಈ ಮಾತು ನಮ್ಮ ಕೆರೆಗಳಿಗೂ ಸಲ್ಲುವುದು. ಕಾಟ್ಲಾ, ರೋಹು ಮೀನುಗಳು ಮರಿ ಉತ್ಪಾದಿಸುವ ಕೇಂದ್ರಗಳಲ್ಲಿ ಒಂದರೊಡನೊಂದು ಬೆರೆಯುವುದುಂಟು. ಆ ಸಂತಾನವೂ ಗೊಡ್ಡಲ್ಲ. ಆದುದರಿಂದ ಗ್ರಾಮಮುಖ್ಯರೂ ಭೂಮಾಲೀಕರೂ ಮರಿಗಳನ್ನು ಕೊಳ್ಳುವ ಮೊದಲು ಅವುಗಳ ಮೂಲವನ್ನು ವಿಚಾರಿಸತಕ್ಕದ್ದು. ಕೋಡಿಗೆ ಜಾಲರಿಯನ್ನು ಕಟ್ಟಿಸಿದ ಮೇಲೆಯೇ ಅವುಗಳನ್ನು ಕೆರೆಗೆ ಬಿಡತಕ್ಕದ್ದು.